ಒಂದು ಲೋಡ್ ಅಂದ್ರೆ ಎಷ್ಟು?

(1/6)
ಈ ಫೋಟೊ ನೋಡಿ ‘ಪಕ್ಕಾ ಮಲ್ನಾಡ್ ಫೀಲ್’ ಅಂತ ಕಮೆಂಟ್ ಹಾಕ್ತೀರ ಅಂತ ಗೊತ್ತು. ಹಾಕಿ, ಬೇಜಾರಿಲ್ಲ. ಆಮೇಲೆ ಸ್ವಲ್ಪ ಝೂಮ್ ಮಾಡಿ ನೋಡಿ. ಟ್ರೈಲರ್‌ನ ಅಂಚು ಮುಗಿದ ಮೇಲೂ ಮೂರು ಅಡಿ ಅಕೇಶಿಯಾ ಸೌದೆ ಇದೆ. ಹಿಂದಿನ ಬಾಗಿಲು ಇಳಿಬಿಟ್ಟು ಅದರ ಮೇಲೂ ತುಂಡು ಪೇರಿಸಿದ್ದಾರೆ. ನಂಬರ್ ಪ್ಲೇಟ್ ಕಾಣಲ್ಲ. ಹಿಂದಿನ ಲೈಟ್ ಇರಬೇಕಾದ ಕಡೆ ಒಂದು ವೈರ್ ನೇತಾಡ್ತಿದೆ. ಸೌದೆ ಮೇಲೆ ಕೂತಿರೋ ಇಬ್ಬರು ನಮ್ಮ ವಯಸ್ಸಿನವರೇ.

ಏಪ್ರಿಲ್, ಮೇ ಬಂತು ಅಂದ್ರೆ ನಮ್ಮ ಕಡೆ ರಸ್ತೆ ತುಂಬಾ ಇದೇ. ಮಳೆ ಹಿಡಿಯೋದ್ರೊಳಗೆ ಸೌದೆ ಕೊಟ್ಟಿಗೆ ತುಂಬಬೇಕು. ಬಚ್ಚಲ ಹಂಡೆಗೆ ಸೌದೆ, ದನಗಳ ಅಕ್ಕಚ್ಚು ಕಾಯಿಸೋಕೆ ಸೌದೆ, ಅಡಿಕೆ ಕೊಯ್ಲು ಶುರುವಾದ್ರೆ ಬೇಯಿಸೋ ಒಲೆಗೆ ಸೌದೆ. ಎಲ್ಲರ ಮನೆಯಿಂದಲೂ ಫೋನ್ ಹೋಗೋದು ಒಂದೇ ಮಾತಿಗೆ: “ಒಂದು ಲೋಡ್ ಸೌದೆ ಬೇಕಿತ್ತು, ಯಾವತ್ತು ತರ್ತೀರಿ?”

ಈ ಸೀರೀಸ್ ಪೂರ್ತಿ ಆ ಒಂದು ಶಬ್ದದ ಮೇಲೆ. ಲೋಡ್. ಹಾಲಿಗೆ ಲೀಟರ್ ಇದೆ, ಅಕ್ಕಿಗೆ ಕೇಜಿ ಇದೆ, ಮರಳಿಗೂ ಒಂದು ಅಳತೆ ಇದೆ. ಸೌದೆಗೆ ಮಾತ್ರ ‘ಲೋಡ್’. ಅದಕ್ಕೆ ಉದ್ದ ಇಲ್ಲ, ಎತ್ತರ ಇಲ್ಲ, ತೂಕ ಇಲ್ಲ. ಅಳತೆ ಇಲ್ಲದ ಕಡೆ ಚೌಕಾಸಿ ಶುರುವಾಗುತ್ತೆ, ಆ ಚೌಕಾಸಿಯ ಭಾರ ಕೊನೆಗೆ ಟ್ರೈಲರ್‌ನ ಅಚ್ಚಿನ ಮೇಲೆ ಕೂರುತ್ತೆ.

(2/6)
ಲೆಕ್ಕ ಮಾಡೋಣ. ಸೈನ್ಸ್‌ನೋರು ತಪ್ಪಿದ್ರೆ ತಿದ್ದಿ.

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೈಲರ್ ಅಂತ ಇಟ್ಕೊಳ್ಳಿ. ಒಟ್ಟು 120 ಘನ ಅಡಿ, ಅಂದ್ರೆ ಸುಮಾರು 3.4 ಘನ ಮೀಟರ್. ಪೇರಿಸಿದ ಸೌದೆ ಮಧ್ಯೆ ಸಂದಿ ಇರತ್ತಲ್ಲ, ಹಾಗಾಗಿ ನಿಜವಾದ ಮರ ಅದರಲ್ಲಿ ನೂರಕ್ಕೆ 60 ಭಾಗ ಅಂತ ಹಿಡಿಯೋಣ. ಈಗಷ್ಟೇ ಕಡಿದ ಹಸಿ ಮರ ಘನ ಮೀಟರಿಗೆ 900 ಕೇಜಿ ಅಂದ್ರೂ, ಅಂಚಿನ ಮಟ್ಟಕ್ಕೆ ತುಂಬಿದ್ರೆ ಸುಮಾರು 1.8 ಟನ್. ಫೋಟೊದಲ್ಲಿರೋ ಹಾಗೆ 5 ಅಡಿ ಎತ್ತರಕ್ಕೆ ಪೇರಿಸಿದ್ರೆ? 4.6 ಟನ್. ಎರಡನ್ನೂ ನಾವು ಕರೆಯೋದು ‘ಒಂದು ಲೋಡ್’ ಅಂತಲೇ!

ಇನ್ನೊಂದು ತಮಾಷೆ ಕೇಳಿ. ಹಸಿ ಮರದ ತೂಕದಲ್ಲಿ ಅರ್ಧದ ಹತ್ತಿರ ಬರೀ ನೀರು. ಅದೇ ಸೌದೆ ಕಡಿದ ಜಾಗದಲ್ಲೇ ಬಿಸಿಲಿಗೆ ಬಿದ್ದು ಚೆನ್ನಾಗಿ ಒಣಗಿದ್ರೆ 4.6 ಟನ್ ಇದ್ದಿದ್ದು ಮೂರು ಟನ್ ಆಸುಪಾಸಿಗೆ ಇಳಿಯುತ್ತೆ. ಅಂದ್ರೆ ಡೀಸೆಲ್ ಸುಟ್ಟು, ಏರು ಹತ್ತಿಸಿ, ಟಯರ್ ಸವೆಸಿ ನಾವು ಮನೆಗೆ ತರಿಸ್ತಿರೋದು ಒಂದೂವರೆ ಟನ್ ನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶದಿಂದ ಪುಕ್ಕಟೆ ಸುರಿಯೋ ಊರಿಗೆ! ಟನ್ ಲೆಕ್ಕದಲ್ಲಿ ಹಸಿ ಸೌದೆ ಕೊಳ್ಳೋರಂತೂ ಆ ನೀರಿಗೂ ದುಡ್ಡು ಕೊಡ್ತಾರೆ. ತಂದ ಮೇಲೆ ಅದು ಉರಿಯಲ್ಲ, ಬರೀ ಹೊಗೆ. ಊದಿ ಊದಿ ಕಣ್ಣು ಕೆಂಪಾಗೋದು ಅಮ್ಮಂದು.

(3/6)
ಈಗ ಈ ಭಾರ ನಿಲ್ಲಿಸೋದು ಯಾರು ಅನ್ನೋ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

ಸಾಮಾನ್ಯ ಟ್ರ್ಯಾಕ್ಟರ್‌ಗೆ ಬ್ರೇಕ್ ಇರೋದು ಹಿಂದಿನ ಎರಡು ದೊಡ್ಡ ಚಕ್ರಕ್ಕೆ ಮಾತ್ರ. ಎಡಕ್ಕೊಂದು, ಬಲಕ್ಕೊಂದು ಪೆಡಲ್. ಗದ್ದೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸೋಕೆ ಅದು ಬೇಕು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಕೊಂಡಿ ಹಾಕಬೇಕು. ಕೊಂಡಿ ಹಾಕದೆ ಒಂದೇ ಪೆಡಲ್ ತುಳಿದ್ರೆ ಟ್ರ್ಯಾಕ್ಟರ್ ಆ ಕಡೆ ಎಳ್ಕೊಂಡು ಹೋಗುತ್ತೆ. ನಾವು ದಿನಾ ನೋಡೋ ಟ್ರೈಲರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಅಂದ್ರೆ ಎರಡು ಟನ್ ತೂಗೋ ಟ್ರ್ಯಾಕ್ಟರ್, ಇಳಿಜಾರಲ್ಲಿ ತನ್ನ ಎರಡರಷ್ಟು ಭಾರವನ್ನ ಬೆನ್ನ ಮೇಲೆ ತಳ್ಳಿಸ್ಕೊಂಡು ನಿಲ್ಲಬೇಕು. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ಕೊಂಡು ಇಳಿಸೋರು ಇದ್ದಾರೆ. ಆಗ ಎಂಜಿನ್ ಹಿಡಿತವೂ ಹೋಯ್ತು.

ಭಾರ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ. ಎರಡು ಚಕ್ರದ ಟ್ರೈಲರ್ ಒಂದು ತಕ್ಕಡಿ ಇದ್ದ ಹಾಗೆ. ಹಿಂದೆ ಹೆಚ್ಚು ಹೇರಿದ್ರೆ ಮುಂದಿನ ಕೊಂಡಿ ಟ್ರ್ಯಾಕ್ಟರ್‌ನ ಹಿಂಭಾಗವನ್ನ ಮೇಲಕ್ಕೆ ಎತ್ತುತ್ತೆ. ಬ್ರೇಕ್ ಇರೋದೇ ಆ ಚಕ್ರಕ್ಕೆ, ಅದೇ ನೆಲ ಸರಿಯಾಗಿ ಹಿಡೀದಿದ್ರೆ ಕತೆ ಮುಗೀತು. ಎತ್ತಿನ ಗಾಡಿ ಕಾಲದವರು ಇದನ್ನ ಕೈಯಲ್ಲೇ ನೋಡ್ತಿದ್ರು. ಹೇರಿದ ಮೇಲೆ ಮೂಕಿ ಎತ್ತಿ ಮುಂಭಾರ, ಹಿಂಭಾರ ಪರೀಕ್ಷೆ ಮಾಡಿ ಆಮೇಲೆ ಎತ್ತು ಕಟ್ಟೋದು. ಹಿಂಭಾರ ಆದ್ರೆ ನೊಗ ಎತ್ತಿನ ಕುತ್ತಿಗೆಯಿಂದ ಮೇಲೇಳತ್ತೆ ಅಂತ ಅವರಿಗೆ ಗೊತ್ತಿತ್ತು. ಎತ್ತು ತಕರಾರು ಮಾಡ್ತಿತ್ತು. ಟ್ರ್ಯಾಕ್ಟರ್ ಮಾಡಲ್ಲ, ಕೊನೇ ತಿರುವಿನ ತನಕ ಸುಮ್ಮನೆ ಎಳೀತಾ ಇರತ್ತೆ.

ಟಿಲ್ಲರ್ ಕತೆ ಇನ್ನೂ ವಿಚಿತ್ರ. ವಿಎಸ್‌ಟಿ ಶಕ್ತಿಯೋ ಕ್ಯಾಮ್ಕೋನೋ, 12-13 ಎಚ್‌ಪಿ, ಹಿಂದೆ ಚಿಕ್ಕ ಟ್ರೈಲರ್. ತೋಟದ ದಾರಿಗೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ, ನಾನೇ ಒಪ್ತೀನಿ. ಆದ್ರೆ ಅದನ್ನ ತಿರುಗಿಸೋದು ಹ್ಯಾಂಡಲ್ ಕೆಳಗಿನ ಕ್ಲಚ್ ಹಿಡಿದು. ಸಮತಟ್ಟು ರಸ್ತೆಯಲ್ಲಿ ಎಡಗೈ ಕ್ಲಚ್ ಹಿಡಿದ್ರೆ ಎಡ ಚಕ್ರಕ್ಕೆ ಶಕ್ತಿ ನಿಂತು ಗಾಡಿ ಎಡಕ್ಕೆ ತಿರುಗುತ್ತೆ. ಕಡಿದಾದ ಇಳಿಜಾರಲ್ಲಿ ಭಾರ ಹಿಂದಿಂದ ತಳ್ಳುವಾಗ ಅದೇ ಕ್ಲಚ್ ಹಿಡಿದ್ರೆ ಎಡ ಚಕ್ರ ಎಂಜಿನ್ ಹಿಡಿತದಿಂದ ಬಿಡಿಸ್ಕೊಂಡು ಜೋರಾಗಿ ಓಡತ್ತೆ, ಗಾಡಿ ಬಲಕ್ಕೆ ಹೋಗತ್ತೆ! ಹಳಬರಿಗೆ ಇದು ಕೈಗೆ ಬಂದುಬಿಟ್ಟಿದೆ. ರಜೆಯಲ್ಲಿ ‘ನಾನೂ ಹೊಡೀತೀನಿ’ ಅಂತ ಹತ್ತೋ ನಮ್ಮ ಹುಡುಗರಿಗೆ ಬಂದಿಲ್ಲ.

(4/6)
ರಾತ್ರಿ ವಿಷಯ. ಬೈಕ್ ಇರೋರೆಲ್ಲ ಇದೊಂದಾದ್ರೂ ಪೂರ್ತಿ ಓದಿ.

ಸೌದೆ ತುಂಬೋದು ಬಿಸಿಲು ಇಳಿದ ಮೇಲೆ, ಹೊರಡುವಾಗ ಕತ್ತಲು. (ಪಾಸ್ ಇಲ್ಲದ ಮರ ಆದ್ರೆ ಕತ್ತಲಾಗಲಿ ಅಂತಲೇ ಕಾಯ್ತಾರೆ, ಅದು ಬೇರೆ ಪೋಸ್ಟ್.) ತೊಗಟೆ ಬಣ್ಣ, ಮಣ್ಣಿನ ಬಣ್ಣ, ರಸ್ತೆ ಬಣ್ಣ ರಾತ್ರಿ ಎಲ್ಲ ಒಂದೇ. ನೀವು 60ರಲ್ಲಿ ಬರ್ತಿದೀರ, ಡಿಮ್ ಲೈಟಲ್ಲಿ 40 ಮೀಟರ್ ಕಾಣತ್ತೆ ಅಂತ ಇಟ್ಕೊಳ್ಳಿ. 60 ಅಂದ್ರೆ ಸೆಕೆಂಡಿಗೆ 16-17 ಮೀಟರ್. ಪಂಕ್ಚರ್ ಆಗಿ ಲೈಟಿಲ್ಲದೆ ನಿಂತ ಟ್ರೈಲರ್ ಕಂಡಾಗ ನಿಮ್ಮ ಹತ್ರ ಇರೋದು ಎರಡೂವರೆ ಸೆಕೆಂಡ್ ಕೂಡ ಅಲ್ಲ. ಅದರಲ್ಲಿ ಒಂದು ಸೆಕೆಂಡ್ ‘ಏನದು?’ ಅನ್ನೋದಕ್ಕೇ ಹೋಗತ್ತೆ. ಒಣ ರಸ್ತೆ, ಒಳ್ಳೆ ಟಯರ್ ಇದ್ರೆ 40 ಮೀಟರಲ್ಲಿ ಹೇಗೋ ನಿಲ್ತೀರ. ಮೊದಲ ಮಳೆ ಬಿದ್ದ ರಸ್ತೆಯಲ್ಲಿ ನಿಲ್ಲಲ್ಲ. ಎದುರಿಂದ ಬಸ್ ಹೈ ಬೀಮ್ ಹಾಕ್ಕೊಂಡು ಬಂದ್ರೆ 40 ಮೀಟರೂ ಇಲ್ಲ. ಹೊರಗೆ ಚಾಚಿರೋ ಸೌದೆ ತುದಿ ಇರೋದು ಸರಿಯಾಗಿ ಬೈಕ್ ಸವಾರನ ಮುಖದ ಎತ್ತರಕ್ಕೆ.

ಲೈಟ್ ಯಾಕೆ ಇರಲ್ಲ ಅಂತ ಒಬ್ಬ ಮೆಕ್ಯಾನಿಕ್ ಅಣ್ಣನ್ನ ಕೇಳಿದೆ. ಅವರು ಹೇಳಿದ್ದು ಸರಿ ಅನ್ನಿಸ್ತು. ಟ್ರೈಲರ್ ದಿನಕ್ಕೆ ಹತ್ತು ಸಲ ಕಳಚೋದು, ಹಾಕೋದು. ಪ್ರತಿ ಸಲ ವೈರ್ ಪ್ಲಗ್ ಕಿತ್ತು ಸಿಕ್ಕಿಸ್ಬೇಕು. ಗೊಬ್ಬರ, ಕೆಸರು, ಮಳೆ ಎಲ್ಲ ಸೇರಿ ಪಿನ್ ತುಕ್ಕು ಹಿಡಿಯುತ್ತೆ. ಒಂದು ಸಲ ಮರೆತು ಎಳೆದ್ರೆ ವೈರ್ ತುಂಡು. ಎರಡು ಸಲ ರಿಪೇರಿ ಮಾಡಿಸ್ತಾರೆ, ಮೂರನೇ ಸಲ ಬಿಟ್ಟುಬಿಡ್ತಾರೆ.

ಎತ್ತಿನ ಗಾಡಿ ಅಡಿಯಲ್ಲಿ ಲಾಟೀನು ಕಟ್ಟಿ ರಾತ್ರಿ ಪ್ರಯಾಣ ಮಾಡ್ತಿದ್ದ ಜನ ನಾವು. ಇವತ್ತು 45 ಎಚ್‌ಪಿ ಎಂಜಿನ್, ಬ್ಯಾಟರಿ, ಮೇಲೆ ಡಿಜೆ ಸ್ಪೀಕರ್ ಎಲ್ಲ ಇದೆ. ಹಿಂದೆ ಒಂದು ಕೆಂಪು ದೀಪ ಇಲ್ಲ.

(5/6)
ಕಮೆಂಟಲ್ಲಿ ಬರೋ ಮಾತು ನನಗೆ ಈಗಲೇ ಕೇಳಿಸ್ತಿದೆ.

‘ಪೊಲೀಸರು ಫೈನ್ ಹಾಕಬೇಕು.’ ಕಾಯ್ದೆ ಇದೆ ಮಾರಾಯ್ರೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು ಅಂತಲೂ ನಿಯಮ ಇದೆ. ಆದ್ರೆ ಆ 20,000 ಕಟ್ಟೋದು ಯಾರು? ಟ್ರಿಪ್ಪಿಗೆ ಇಷ್ಟು ಅಂತ ದುಡಿಯೋ ಡ್ರೈವರ್ ಅಥವಾ ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡ ಮಾಲೀಕ. “ಇನ್ನೊಂದು ಸಾಲು ಹಾಕಿ, ಅಷ್ಟಕ್ಕೆ ಅಷ್ಟು ದುಡ್ಡಾ?” ಅಂತ ಅಂಗಳದಲ್ಲಿ ನಿಂತು ಕೇಳಿದ ಯಜಮಾನರಿಗೆ ಚಲನ್ ಬರಲ್ಲ. ಕಡಿಮೆ ತಂದ್ರೆ ಮುಂದಿನ ವರ್ಷ ಬೇರೆಯವನಿಗೆ ಫೋನ್ ಹೋಗತ್ತೆ ಅಂತ ಡ್ರೈವರ್‌ಗೆ ಗೊತ್ತು. ಹಾಗಂತ ಅವನದ್ದೇನೂ ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ. ನ್ಯೂಟ್ರಲ್ ಮಾಡೋದು ಅವನೇ, ಹುಡುಗರನ್ನ ಮೇಲೆ ಕೂರಿಸೋದೂ ಅವನೇ. ಆದ್ರೆ ಮೂರು ಟನ್ ಹೆಚ್ಚು ಹೇರಿಸೋ ಒತ್ತಡ ಬರೋದು ಕೊಳ್ಳೋರ ಕಡೆಯಿಂದ.

‘ಸೌದೆನೇ ಬಿಡಿ, ಗ್ಯಾಸ್ ಇದೆ, ಸೋಲಾರ್ ಇದೆ.’ ಹೇಳೋಕೆ ಸುಲಭ. ಮೂರು ತಿಂಗಳು ಸೂರ್ಯನೇ ಕಾಣದ ಕಡೆ ಸೋಲಾರ್ ನೀರು ಎಷ್ಟು ಬಿಸಿ ಆಗತ್ತೆ ಅಂತ ಬಂದು ನೋಡಿ. ಅಡಿಕೆ ಬೇಯಿಸೋ ದೊಡ್ಡ ಹಂಡೆಗೆ ಸಿಲಿಂಡರ್ ಇಟ್ರೆ ಬಂದ ಲಾಭ ಅಲ್ಲೇ ಉರಿದು ಹೋಗತ್ತೆ. ಸೌದೆ ಇನ್ನೂ ಸುಮಾರು ವರ್ಷ ಇರತ್ತೆ, ಅದು ಟ್ರೈಲರಲ್ಲೇ ಬರತ್ತೆ.

‘ಅಂಚಿನ ಮಟ್ಟಕ್ಕೆ ತಂದ್ರೆ ಟ್ರಿಪ್ ಜಾಸ್ತಿ, ಖರ್ಚು ಜಾಸ್ತಿ.’ ಇದು ನಿಜವಾದ ಪ್ರಶ್ನೆ. ಹೌದು, ಜಾಸ್ತಿ ಆಗತ್ತೆ. ಹಸಿ ಸೌದೆ ತರಿಸಿದ್ರೆ ತುಂಬಾನೇ ಜಾಸ್ತಿ. ಒಣಗಿದ್ದು ತರಿಸಿದ್ರೆ ಅದೇ ತೂಕದಲ್ಲಿ ಉರಿಯೋ ಮರ ಹೆಚ್ಚು ಬರತ್ತೆ, ವ್ಯತ್ಯಾಸ ಅಷ್ಟು ದೊಡ್ಡದಿರಲ್ಲ. ಉಳಿದಿದ್ದನ್ನ ಕೊಡೋಣ ಅಂತೀನಿ ನಾನು. ಮೇಲೆ ಕೂತ ಹುಡುಗ ಕೆಳಗೆ ಬಂದು ಕೂರೋದಕ್ಕೆ ಅಷ್ಟು ಕೊಡಬಹುದು.

(6/6)
ಮನೇಲಿ ಈ ವರ್ಷ ಸೌದೆಗೆ ಫೋನ್ ಮಾಡೋದು ನೀವೇ ಆದ್ರೆ (ಅಪ್ಪಂಗೆ ನಂಬರ್ ಹುಡುಕೋಕೆ ಬರಲ್ಲ, ನಮ್ಮ ಕೈಗೇ ಕೊಡ್ತಾರೆ), ‘ಒಂದು ಲೋಡ್’ ಅನ್ನಬೇಡಿ. ಅಳತೆ ಹೇಳಿ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಎತ್ತರ ಒಟ್ಟಿದ ಸೌದೆ ಬೇಕು, ಅಂಗಳದಲ್ಲಿ ಅಳೆದು ದುಡ್ಡು ಕೊಡ್ತೀವಿ, ಎಷ್ಟು ಟ್ರಿಪ್ಪಲ್ಲಾದ್ರೂ ತನ್ನಿ ಅಂತ. ಜನವರಿಯಲ್ಲೇ ಹೇಳಿಟ್ರೆ ಕಡಿದಲ್ಲೇ ಒಣಗಿಸಿ ಏಪ್ರಿಲ್‌ನಲ್ಲಿ ತರಬಹುದು. ಬೆಳಕಿರುವಾಗಲೇ ಬನ್ನಿ, ಇಳಿಸೋರಿಗೆ ಊಟ ಮಧ್ಯಾಹ್ನಕ್ಕೇ ಇಲ್ಲೇ ಅಂತ ಹೇಳಿ. ಊಟದ ಮಾತು ಕೆಲಸ ಮಾಡತ್ತೆ, ನೋಡ್ತಿರಿ.

ಲೈಟ್ ವಿಷಯಕ್ಕೆ ನನ್ನ ವೋಟು ರಿಫ್ಲೆಕ್ಟರ್ ಟೇಪ್‌ಗೆ. ವೈರ್ ಬೇಡ, ಬ್ಯಾಟರಿ ಬೇಡ, ತುಕ್ಕು ಹಿಡಿಯಲ್ಲ. ಆದ್ರೆ ಟ್ರೈಲರ್ ಬಾಗಿಲಿಗೆ ಅಂಟಿಸಿದ್ರೆ ಸಾಲದು. ಬಾಗಿಲು ಇಳಿಬಿಟ್ಟ ಕೂಡಲೇ ಅದು ನೆಲ ನೋಡತ್ತೆ. ಎರಡಡಿ ಹಲಗೆಗೆ ಕೆಂಪು ಟೇಪ್ ಸುತ್ತಿ, ಎರಡೂ ತುದಿಗೆ ಹಗ್ಗ ಕಟ್ಟಿ, ಸೌದೆ ಎಲ್ಲಿ ಮುಗಿಯತ್ತೋ ಅಲ್ಲಿ ನೇತುಹಾಕಬೇಕು. ಕೆಸರಾದ್ರೆ ಒಂದು ಸಲ ಒರೆಸಿದ್ರಾಯ್ತು.

ನಾವು ಐದು ಜನ ಸೇರಿ ಒಂದು ರೋಲ್ ಟೇಪ್ ತಂದಿದೀವಿ, ಹಲಗೆ ತುಂಡು ಒಬ್ಬನ ಮನೆ ಮಿಲ್ಲಿಂದ. ಮೊದಲ ಹನ್ನೆರಡು ಹಲಗೆ ಸಿದ್ಧ ಇದೆ. ನಿಮ್ಮ ಕೇರಿಯಲ್ಲಿ ಟ್ರೈಲರ್ ಇರೋರು ಯಾರು ಅಂತ ಡಿಎಂ ಮಾಡಿ. ಭಾನುವಾರ ಬೆಳಿಗ್ಗೆ ನಾವೇ ಬಂದು ಕಟ್ಟಿಕೊಡ್ತೀವಿ, ದುಡ್ಡು ಬೇಡ. ಟಿಲ್ಲರ್ ಇರೋರಿಗೆ ಚಿಕ್ಕ ಹಲಗೆ ಬೇರೆ ಮಾಡಿದೀವಿ.

#ಸೌದೆ #ಟ್ರೈಲರ್ #ಮಲೆನಾಡು #ಮಳೆಗಾಲದತಯಾರಿ