"ಒಬ್ಳೇ ಬಂದ್ಯಾ?"

ನಮ್ಮ ಕಡೆ ಹೆಣ್ಮಕ್ಕಳನ್ನ ಕೇಳೋ ಒಂದು ಮಾತು ಅದ ನೋಡ್ರವ್ವ, "ಒಬ್ಳೇನಾ?" ಅಂತ. ಬೀದೀಲಿ ನಿಂತೋರು ಒಂದು ದನೀಲಿ ಕೇಳ್ತಾರ, ಬಸ್ಸಲ್ಲಿ ಪಕ್ಕದಲ್ಲಿ ಕೂತೋರು ಇನ್ನೊಂದು ದನೀಲಿ ಕೇಳ್ತಾರ. ಮಾತು ಒಂದೇ, ದನಿ ಬ್ಯಾರೆ. ಮೊದಲನೇದು ಕೇಳುದ್ರ ಇಟ್ಟ ಕಾಲು ಹಿಂದಕ್ಕ ಬತ್ತದ. ಎರಡನೇದು ಕೇಳುದ್ರ ದೇವ್ರು ಇದ್ದಾನ ಅನ್ನಿಸ್ತದ. ನಾವು ಹೆಂಗಸ್ರಾದ್ರೂ ಮೊದಲನೇ ದನಿ ಬುಟ್ಟು ಎರಡನೇ ದನೀಲಿ ಕೇಳೋದ ಕಲೀಬೇಕು ಅನ್ನೋದೇ ಇವತ್ತಿನ ನನ್ನ ಮಾತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರ್ಸುದ್ರ ಸೊನ್ನೆ ಟಿಕೇಟು ಹರ್ದು ಕೊಡ್ತಾರ. ಅಲ್ಲಿಗೆ ದುಡ್ಡಿನ ಅಡ್ಡಿ ಹೋಯ್ತು, ಬಾಯಿನ ಅಡ್ಡಿ ಮಾತ್ರ ಹೋಗ್ಲಿಲ್ಲ. "ಪುಕ್ಸಟ್ಟೆ ಬಸ್ಸು ಅಂತ ಊರು ಸುತ್ತುತಾವ" ಅಂತ ಜಗಲಿ ಮ್ಯಾಲ ಕೂತು ಗಂಡಸ್ರು ಅಂತಾರ, ಅನ್ಲಿ ಬುಡಿ. ನಲ್ಲಿ ಹತ್ರ ನಿಂತು ನಾವೂ ಅದನ್ನೇ ಅಂದ್ರ ಹೆಂಗವ್ವ?

ನಮ್ಮವ್ವ ಚಾಮರಾಜನಗರದ ಕಡೆಯೋಳು. ಮಾದಪ್ಪನ ಬೆಟ್ಟಕ್ಕ ಹರಕೆ ಹೊತ್ತು, ಕಾಸನ್ನ ಅರಿಶಿನದ ಬಟ್ಟೇಲಿ ಕಟ್ಟಿ ಅಕ್ಕಿ ಡಬ್ಬದೊಳ್ಗ ಇಟ್ಟಿದ್ಲು. "ಯಾರಾದ್ರೂ ಜೊತೆ ಸಿಗ್ಲಿ, ಹೋಗ್ಬುಟ್ಟು ಬತ್ತೀನಿ" ಅನ್ನೋಳು. ಒಂದು ವರ್ಷ ಬಿತ್ತನೆ, ಒಂದು ವರ್ಷ ಬಾಣಂತನ, ಇನ್ನೊಂದು ವರ್ಷ ಅಣ್ಣಂಗ ರಜ ಇಲ್ಲ. ಜೊತೆ ಸಿಗೋದ್ರೊಳ್ಗ ಅವಳ ಕಾಲೇ ಬಿದ್ದೋಯ್ತು. ಅವಳು ಹೋದ ಮ್ಯಾಲೂ ಗಂಟು ಹಂಗೇ ಇತ್ತು. ಹೋದ ಕಾರ್ತೀಕದಲ್ಲಿ ಅದನ್ನ ತಕ್ಕಂಡು ಗುಂಡ್ಲುಪೇಟೆಯಿಂದ ನಾನೇ ಹೊಂಟೆ. ಯಾರ ಜೊತೆಗೂ ಕಾಯ್ಲಿಲ್ಲ.

ಚಾಮರಾಜನಗರ, ಕೊಳ್ಳೇಗಾಲ, ಆಮೇಲೆ ಹನೂರು, ಕೌದಳ್ಳಿ. ಬಸ್ಸು ತುಂಬಾ ಜನ. ತಾಳಬೆಟ್ಟದಿಂದ ತಿರುವು ಶುರುವಾಯ್ತು, ನನ್ನ ಹೊಟ್ಟೆ ತೊಳಸೋಕ ಶುರುವಾಯ್ತು. ಪಕ್ಕದಲ್ಲಿ ನನ್ನ ಮಗಳ ವಯಸ್ಸಿನ ಹುಡುಗಿ. "ಒಬ್ರೇ ಬಂದ್ರಾ ಅವ್ವ?" ಅಂದ್ಲು. ಉತ್ತರಕ್ಕ ಕಾಯ್ಲೇ ಇಲ್ಲ. ಎದ್ದು ಕಿಟಕಿ ಸೀಟು ಕೊಟ್ಲು, ಚೀಲದಿಂದ ನಿಂಬೆಹಣ್ಣು ತೆಗ್ದು ಕೈಗಿಟ್ಲು, "ಮೂಸ್ಕಂಡು ಕಣ್ಣು ಮುಚ್ಕಳಿ, ನಾನಿದ್ದೀನಿ" ಅಂದ್ಲು. ನನ್ನ ಜಾತಿ ಕೇಳ್ಲಿಲ್ಲ, ಗಂಡ ಎಲ್ಲಿ ಅಂತ ಕೇಳ್ಲಿಲ್ಲ. ನನ್ನ ತಲೆ ಅವಳ ಭುಜದ ಮ್ಯಾಲ, ಬಸ್ಸು ಬೆಟ್ಟದ ಮ್ಯಾಲ.

ಮನೆಮಂದಿ ಕಟ್ಕಂಡು ಎಷ್ಟೋ ಸಲ ದೇವಸ್ಥಾನಕ್ಕ ಹೋಗಿದ್ದೀನಿ, ನೀವೂ ಹೋಗಿರ್ತೀರಿ. ಬುತ್ತಿ ಕಟ್ಟೋರು ನಾವು, ಚಪ್ಪಲಿ ಎಣಿಸೋರು ನಾವು, ಅವರ ಮಾತ್ರೆ, ಮಗೂನ ಚಡ್ಡಿ ನೆನಪಿಟ್ಕಳೋರು ನಾವು. ಗರ್ಭಗುಡಿ ಮುಂದ ಕೈ ಮುಗ್ದು ನಿಂತಾಗ್ಲೂ ಬ್ಯಾಗು ಎಲ್ಲಿ ಅಂತ ಜೀವ ಹೊಡ್ಕತದ. ಅವತ್ತು ಮಾತ್ರ ನಾನು ದೇವ್ರನ್ನ ಕಣ್ತುಂಬ ನೋಡ್ದೆ. ಅವ್ವನ ಗಂಟು ಹುಂಡಿಗೆ ಹಾಕಿ ನಿಂತೆ, ಕೇಳ್ಕಳೋಕ ಏನೂ ಇರ್ಲಿಲ್ಲ, ಕಣ್ಣಲ್ಲಿ ನೀರು ಬಂತು ಅಷ್ಟೆ. ಆಮೇಲೆ ದಾಸೋಹದಲ್ಲಿ ಸಾಲಾಗಿ ಕೂತ್ವಿ. ಎಡಕ್ಕ ಯಾರೋ, ಬಲಕ್ಕ ಯಾರೋ. "ಯಾವೂರವ್ವ?" ಅಂತ ಕೇಳ್ಕಂಡ್ವಿ, ಅನ್ನ ಸಾರು ಉಂಡ್ವಿ.

ಈ ಮಾದಪ್ಪನ ಕಥೆಯಲ್ಲೇ ಆ ಎರಡು ದನಿ ಇವೆ ನೋಡಿ. ಕಂಸಾಳೆಯವರು ಹಾಡೋ ಸಂಕಮ್ಮನ ಕಥೆ ಕೇಳ್ದೆ ಬೆಳೆದೋರು ನಮ್ಮ ಸೀಮೇಲಿ ಯಾರವ್ರೆ? ನೀಲೇಗೌಡ ಜೇನಿಗೆ ಕಾಡಿಗೆ ಹೋಗೋವಾಗ, ನಾನಿಲ್ದಾಗ ಸರಿಯಾಗಿ ಇರ್ತೀನಿ ಅಂತ ಕೈ ಮುಟ್ಟಿ ಭಾಷೆ ಕೊಡು ಅಂತ ಹೆಂಡ್ತೀನ ಪೀಡಿಸ್ತಾನ. ಅವಳು ಕೊಡಲ್ಲ. ನಂಬಿಕೆ ಇಲ್ದೋನಿಗೆ ಭಾಷೆ ಯಾಕ? ಅವನು ಹಿಂಸೆ ಕೊಟ್ಟು ಗುಡಿಸಲಲ್ಲಿ ಕೂಡಿ ಹೋಯ್ತಾನ. ಆ ಒಂಟಿ ಹೆಣ್ಣಿನ ಮೊರೆ ಕೇಳಿ ಬಂದೋನು ಮಾದಪ್ಪ. ಅವಳ ಕಷ್ಟ ಬಿಡಿಸಿ ಮಕ್ಕಳ ಫಲ ಕೊಟ್ಟ. ಇಂಥ ದೇವ್ರಿಗೆ ಉಘೇ ಅಂತ ಕೂಗೋ ನಾವು, ಸೊಸೆ ಒಬ್ಳೇ ಹೊಂಟಾಗ ನೀಲೇಗೌಡನ ದನೀಲಿ ಕೇಳ್ಬೋದಾ?

ಒಂದು ಸಲ ಧೈರ್ಯ ಬಂದ ಮ್ಯಾಲ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಒಬ್ಳೇ ಹೋದೆ. ನಮ್ಗ ಹತ್ರ, ಹಂಗಳ ದಾಟಿದ್ರ ಬೆಟ್ಟದ ಬುಡ. ಅದು ಬಂಡೀಪುರದ ಹುಲಿ ಕಾಡಿನೊಳ್ಗ ಇರೋದ್ರಿಂದ ಸ್ವಂತ ಗಾಡಿ ಮ್ಯಾಲಕ್ಕ ಬುಡಲ್ಲ. ಕಾರಲ್ಲಿ ಬಂದೋರೂ ಇಳಿದು ಸರ್ಕಾರಿ ಬಸ್ಸೇ ಹತ್ಬೇಕು. ರೇಷ್ಮೆ ಸೀರೆ, ವಾಯಿಲ್ ಸೀರೆ ಎಲ್ಲ ಒಂದೇ ಸೀಟಲ್ಲಿ. ನನ್ನ ಪಕ್ಕ ಕೂತೋಳು ಕೇರಳದೋಳು. ಅವಳ್ಗ ಕನ್ನಡ ಬರದು, ನನ್ಗ ಮಲಯಾಳ ಬರದು. ಮ್ಯಾಲ ಮಂಜು ಕವಿದು ಚಳಿ ಹತ್ತಿದಾಗ ತನ್ನ ಶಾಲಿನ ಒಂದು ತುದೀನ ನನ್ನ ಹೆಗಲಿಗೆ ಹೊದಿಸಿದ್ಲು. ನಾನು ನನ್ನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟೆ. ಇಬ್ಬರ ಕೈಲೂ ಒಂದೇ ತುಳಸಿ ತೀರ್ಥ. ಜೊತೇಲಿ ನಾಲ್ಕು ಜನ ನಮ್ಮೋರೇ ಇದ್ದಿದ್ರ ನಾನು ಅವಳ ಕಡೆ ತಿರುಗಿ ನೋಡ್ತಿದ್ನಾ? ನಮ್ಮ ಮನೆ ಮಾತೇ ಮುಗೀತಿರ್ಲಿಲ್ಲ.

ನನ್ಗ ತಿಳಿದಂಗ ಭಕ್ತಿ ಅಂದ್ರ ನಂಬೋದು. ಮನೇಲಿ ದೀಪ ಹಚ್ಚಿ ದೇವ್ರನ್ನ ನಂಬೋದು ಸುಲಭ, ಗುರ್ತಿಲ್ಲದ ಮನುಷ್ಯರನ್ನ ನಂಬೋದು ಕಷ್ಟ. ಒಬ್ಳೇ ಹೊಂಟ್ರ ಎರಡನ್ನೂ ಒಟ್ಟಿಗೇ ಕಲೀಬೇಕಾಯ್ತದ.

ಹಂಗಂತ ಕಣ್ಣು ಮುಚ್ಕಂಡು ಹೋಗಿ ಅನ್ನಲ್ಲ. ನಮ್ಮದು ಕಾಡಿನ ಸೀಮೆ, ಆನೆ ಅಡ್ಡ ಬಂದ್ರ ಬಸ್ಸೂ ನಿಲ್ತದ. ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಇಳಿಯೋವಾಗಲೇ ಕಂಡಕ್ಟ್ರನ್ನ ಕೇಳಿಟ್ಕಳಿ. ಕತ್ತಲಾಗೋದ್ರೊಳ್ಗ ಇಳೀರಿ, ಇಲ್ಲಾಂದ್ರ ಉಳಿಯೋ ಜಾಗ ಮೊದಲೇ ನೋಡ್ಕಳಿ. ಫೋನ್ ಚಾರ್ಜ್ ಇರ್ಲಿ, ಮೈ ಮ್ಯಾಲ ಒಡವೆ ಕಮ್ಮಿ ಇರ್ಲಿ. ಒಬ್ಬನ ನೋಟ ಸರಿ ಇಲ್ಲ ಅನ್ನಿಸುದ್ರ ಹೆಂಗಸರು ಇರೋ ಸಾಲಿಗೆ ಹೋಗಿ ಕೂತ್ಕಳಿ. ಜೊತೆ ಸಿಕ್ಕುದ್ರ ನಾಲ್ಕು ಜನ ನಗ್ತಾ ಹೋಗೋದೂ ಚೆಂದವೇ. ಸಿಗದೇ ಇದ್ರ ಮಾತ್ರ ಹರಕೆ ಗಂಟು ಅಕ್ಕಿ ಡಬ್ಬದಲ್ಲಿ ಕೊಳೀಬಾರ್ದು.

ನಿಮ್ಮ ಓರಗಿತ್ತಿಯೋ, ನಾದಿನಿಯೋ, ಪಕ್ಕದ ಮನೆಯೋಳೋ ಚೀಲ ಹಿಡ್ಕಂಡು ಹೊಂಟ್ರ "ಯಾರ್ ಜೊತೆ?" ಅಂತ ಮೊದಲು ಕೇಳ್ಬ್ಯಾಡಿ. "ಬುತ್ತಿ ಕಟ್ಟೀದ್ಯಾ? ಸಂಜೆ ಹಾಲು ನಾನು ಇಸ್ಕತೀನಿ, ಹೋಗ್ಬುಟ್ಟು ಬಾ" ಅನ್ನಿ. ಬಸ್ಸಲ್ಲಿ ಒಂಟಿ ಹೆಂಗಸು ಕಂಡ್ರ ಒಂಚೂರು ಸರ್ದು ಜಾಗ ಕೊಡಿ.