ಆಟಿಕೆಯನ್ನು ಅಟ್ಟಕ್ಕೇರಿಸಿದರೆ ದುಡ್ಡು ಕಾಯಿ ಬಿಡಲ್ಲ

ಮೊದಲು ನಮ್ಮ ದಡ್ಡತನವನ್ನೇ ಹೇಳಿಬಿಡುತ್ತೇವೆ. ಆಮೇಲೆ ಬೇರೆಯವರ ಮಾತು.

2023ರ ಕೊನೆಯಲ್ಲಿ ನಮ್ಮ ಬಳಗದ ಮೂವರು ಸೇರಿ 18 ಸಾವಿರ ರೂಪಾಯಿ ಒಟ್ಟು ಮಾಡಿದೆವು. ಬೆಂಗಳೂರಿನ ಒಂದು ಮಾಲ್‌ಗೆ ಹೋಗಿ ಎರಡು ಲೆಗೋ ಡಬ್ಬಿ ತಂದೆವು. ಒಂದರಲ್ಲಿ ರೇಸ್ ಕಾರು, ಇನ್ನೊಂದರಲ್ಲಿ ಹಡಗು. ಪುಟ್ಟ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಆಟಿಕೆ ಅದು. ಕಟ್ಟಲಿಕ್ಕೆ ತರಲಿಲ್ಲ. ಡಬ್ಬಿ ಒಡೆಯದೆ ನಾಲ್ಕೈದು ವರ್ಷ ಇಟ್ಟರೆ ಚಿನ್ನಕ್ಕಿಂತ ಜಾಸ್ತಿ ಬೆಲೆ ಬರುತ್ತದೆ ಅಂತ ಮೊಬೈಲಿನಲ್ಲಿ ಒಬ್ಬರು ಹೇಳಿದ್ದರು. ಪ್ಲಾಸ್ಟಿಕ್ ಕವರ್ ಸುತ್ತಿ, ಅಟ್ಟದ ಮೇಲೆ ಕಾಯಿ ರಾಶಿಯ ಪಕ್ಕ ಇಟ್ಟೆವು.

ಅದನ್ನು ಕಂಡ ನಮ್ಮ ಒಬ್ಬರ ಅಜ್ಜಿ ಕೇಳಿದರು: "ಏನ್ರೋ ಇದು, ಆಡೋ ಸಾಮಾನ್ನ ಅಟ್ಟಕ್ಕೆ ಏರಿಸಿದೀರಾ?"

"ಇದು ಆಡೋಕಲ್ಲ ಅಜ್ಜಿ, ಇಡೋಕೆ. ಇಟ್ಟಷ್ಟೂ ಬೆಲೆ ಬರ್ತೈತೆ."

ಅಜ್ಜಿ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. "ಯಾಕೆ, ಇದ್ರಲ್ಲೂ ನೀರು ಬತ್ತಬೇಕಾ?"

ನಾವು ನಕ್ಕೆವು. ಈಗ ಆ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇವೆ.

ಯಾಕೆ ಈಗ ಬರೆಯುತ್ತಿದ್ದೇವೆ ಅಂದರೆ, ಇದು ನಮ್ಮ ಮೂವರ ಹುಚ್ಚಾಗಿ ಉಳಿದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರು ಬೆಂಗಳೂರಲ್ಲಿ ದುಡಿದ ಮೊದಲ ಸಂಬಳದಲ್ಲಿ, ಕೆಲವರು ಮನೆಯ ಕೊಬ್ಬರಿ ದುಡ್ಡಿನಲ್ಲೂ, ಇಂಥ ಡಬ್ಬಿ ಕೊಳ್ಳುವ ಮಾತಾಡುವುದನ್ನು ಕೇಳುತ್ತಿದ್ದೇವೆ. ದೊಡ್ಡ ಸೆಟ್‌ಗಳ ಬೆಲೆ ಹತ್ತಾರು ಸಾವಿರ. ಅವರಿಗೆ ನಾವು ನೇರವಾಗಿ ಹೇಳುವುದು ಇಷ್ಟು: ಆಸೆಯಿದ್ದರೆ ಕೊಳ್ಳಿ, ಒಡೆಯಿರಿ, ಕಟ್ಟಿ, ಆಡಿ. ಹೂಡಿಕೆ ಅಂತ ಮಾತ್ರ ಕರೆಯಬೇಡಿ.

ಅಟ್ಟದ ಲೆಕ್ಕ ನಮಗೆ ಹೊಸದಲ್ಲ

ಇಟ್ಟು ಕಾಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ಬತ್ತಿ, ಗಿಟುಕು ಚಿಪ್ಪು ಬಿಟ್ಟು ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಚೀಲಕ್ಕೆ ತುಂಬಿ ತಿಪಟೂರು ಎಪಿಎಂಸಿಗೆ ಒಯ್ಯುತ್ತೇವೆ.

ಗಮನಿಸಿ, ಕಾಯಿ ಅಟ್ಟದ ಮೇಲೆ ಸುಮ್ಮನೆ ಕೂತಿರುವುದಿಲ್ಲ. ಅಲ್ಲಿ ಕೆಲಸ ನಡೆಯುತ್ತಿರುತ್ತದೆ, ಕಾಯಿ ಕೊಬ್ಬರಿಯಾಗುತ್ತಿರುತ್ತದೆ. ಡಬ್ಬಿಯೊಳಗಿನ ಪ್ಲಾಸ್ಟಿಕ್ ಇಟ್ಟಿಗೆ ಹತ್ತು ವರ್ಷ ಇಟ್ಟರೂ ಅದೇ ಪ್ಲಾಸ್ಟಿಕ್ ಇಟ್ಟಿಗೆ. ಅದರ ಬೆಲೆ ಏರಬೇಕಾದರೆ ಒಂದೇ ದಾರಿ: ನಮಗಿಂತ ಹೆಚ್ಚು ಆಸೆಯಿರುವ, ನಮಗಿಂತ ಹೆಚ್ಚು ದುಡ್ಡಿರುವ ಇನ್ನೊಬ್ಬ ಸಿಗಬೇಕು.

ಇನ್ನು ಕೊಬ್ಬರಿಯ ಕಥೆಯನ್ನೇ ನೋಡಿ. ನಮ್ಮ ಉಂಡೆ ಕೊಬ್ಬರಿಯನ್ನು ಉತ್ತರ ಭಾರತದ ಜನ ಹಬ್ಬ, ಮದುವೆ, ಸಿಹಿತಿಂಡಿಗೆ ಬಳಸುತ್ತಾರೆ. ಹಾಗಿದ್ದೂ ಬೆಲೆ ನಮ್ಮ ಕೈಯಲ್ಲಿಲ್ಲ. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 9 ಸಾವಿರಕ್ಕಿಂತ ಕೆಳಗೆ ಬಿತ್ತು. ರೈತರು ಬೀದಿಗಿಳಿದರು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು, ನಾಫೆಡ್ ಖರೀದಿಯ ನೋಂದಣಿಗೆ ರೈತರು ಸಾಲು ನಿಂತರು. 2025ರಲ್ಲಿ ನೋಡಿದರೆ ಧಾರಣೆ 20 ಸಾವಿರ ದಾಟಿ ಮೇಲಕ್ಕೆ ಹೋಯಿತು. ಯಾರು ಊಹಿಸಿದ್ದರು?

ಎಪಿಎಂಸಿ ಇದೆ, ಟೆಂಡರ್ ಇದೆ, ಬೆಂಬಲ ಬೆಲೆ ಇದೆ, ತಿನ್ನುವ ಕೋಟ್ಯಂತರ ಬಾಯಿ ಇದೆ. ಇಷ್ಟೆಲ್ಲ ಇರುವ ಕೊಬ್ಬರಿಗೇ ಈ ಗತಿ. ಇದ್ಯಾವುದೂ ಇಲ್ಲದ ಆಟಿಕೆ ಡಬ್ಬಿಯ ಬೆಲೆ ಖಾತ್ರಿ ಅಂತ ಯಾವ ಧೈರ್ಯದ ಮೇಲೆ ಹೇಳುತ್ತಾರೆ?

ಶೇಕಡಾ 11ರ ಮಾತು

ಅವರ ಧೈರ್ಯಕ್ಕೆ ಒಂದು ಅಧ್ಯಯನವಿದೆ. ಇಲ್ಲ ಅನ್ನುವುದಿಲ್ಲ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಲೆಗೋ ಸೆಟ್‌ಗಳ ಬೆಲೆ ನೋಡಿದರು. ತಯಾರಿಕೆ ನಿಂತ ಮೇಲೆ ಒಡೆಯದ ಡಬ್ಬಿಗಳು ಸರಾಸರಿ ವರ್ಷಕ್ಕೆ ಶೇಕಡಾ 11ರಷ್ಟು ಲಾಭ ಕೊಟ್ಟಿವೆ ಎಂದರು. ಮೊಬೈಲಿನಲ್ಲಿ ಓಡಾಡುವುದು ಈ ಒಂದು ಸಾಲು.

ಅದೇ ಅಧ್ಯಯನದ ಇನ್ನೊಂದು ಸಾಲು ಓಡಾಡುವುದಿಲ್ಲ. ಕೆಲವು ಸೆಟ್ ವರ್ಷಕ್ಕೆ ಶೇಕಡಾ 600 ಏರಿದರೆ, ಕೆಲವು ಶೇಕಡಾ 50 ಕಳೆದುಕೊಂಡಿವೆ. ನಮ್ಮ ತೋಟದ ಭಾಷೆಯಲ್ಲಿ ಹೇಳೋಣ. ಒಂದು ಮರ ನೂರು ಕಾಯಿ ಬಿಟ್ಟಿತು, ಪಕ್ಕದ ಮರ ನುಸಿ ಹತ್ತಿ ಒಂದೂ ಬಿಡಲಿಲ್ಲ. ಸರಾಸರಿ ಐವತ್ತು. ಲೆಕ್ಕ ಸರಿಯೇ. ಆದರೆ ನಿಮ್ಮ ಪಾಲಿಗೆ ಬಂದ ಮರ ಯಾವುದು?

ಸಾವಿರಾರು ಸೆಟ್ ಇರುವವನಿಗೆ ಸರಾಸರಿ ಸಿಗಬಹುದು. ಎರಡು ಡಬ್ಬಿ ಇರುವ ನಮಗೆ ಸಿಗುವುದು ಅದೃಷ್ಟ, ಇಲ್ಲವೇ ದುರದೃಷ್ಟ.

ಅದೃಷ್ಟವೂ ಕಂಪನಿಯ ಕೈಯಲ್ಲಿದೆ. 2008ರಲ್ಲಿ ಲೆಗೋ ಕಂಪನಿ ತಾಜ್ ಮಹಲ್ ಸೆಟ್ ಬಿಟ್ಟಿತು. 5,900ಕ್ಕೂ ಹೆಚ್ಚು ತುಂಡುಗಳ ದೊಡ್ಡ ಸೆಟ್. ತಯಾರಿಕೆ ನಿಂತ ಮೇಲೆ ಅದರ ಬೆಲೆ ಹಲವು ಪಟ್ಟು ಏರಿತು. ಇನ್ನೂ ಏರುತ್ತದೆ ಅಂತ ಜನ ಕೂಡಿಟ್ಟರು. 2017ರಲ್ಲಿ ಕಂಪನಿ ಹೆಚ್ಚುಕಡಿಮೆ ಅದೇ ಸೆಟ್ಟನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಹಳೆಯ ಡಬ್ಬಿಗಳ ಬೆಲೆ ಜಾರಿತು. ಕಂಪನಿ ಮಾಡಿದ್ದರಲ್ಲಿ ತಪ್ಪಿಲ್ಲ. ಅದು ಆಟಿಕೆ ಕಂಪನಿ, ಆಟಿಕೆ ಮಾರುತ್ತದೆ. ನೀವು ಕೂಡಿಟ್ಟಿದ್ದೀರಿ ಅಂತ ಅದು ಕೈಕಟ್ಟಿ ಕೂರಬೇಕಾ?

ಮಾರುವುದು ಯಾರಿಗೆ?

ಇಲ್ಲಿಂದ ನಮ್ಮ ಅನುಭವ. ಒಂದೂವರೆ ವರ್ಷದ ಮೇಲೆ ನಮ್ಮಲ್ಲಿ ಒಬ್ಬರಿಗೆ ದುಡ್ಡಿನ ಅಗತ್ಯ ಬಿತ್ತು. ಚಿನ್ನವಾಗಿದ್ದರೆ ತಿಪಟೂರಿನ ಯಾವ ಅಂಗಡಿಯಲ್ಲಾದರೂ ತೂಗಿ ದುಡ್ಡು ಕೊಡುತ್ತಿದ್ದರು, ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅಡ ಇಡಬಹುದಿತ್ತು. ಆಟಿಕೆ ಡಬ್ಬಿ ಹಿಡಿದು ಯಾವ ಸೊಸೈಟಿಗೆ ಹೋಗುತ್ತೀರಿ?

ಆನ್‌ಲೈನಿನಲ್ಲಿ ಫೋಟೊ ಹಾಕಿದೆವು. ಬೆಂಗಳೂರಿನ ಒಬ್ಬರು ಕೇಳಿದ ಮೊದಲ ಪ್ರಶ್ನೆ: "ಡಬ್ಬಿಯ ಮೂಲೆ ನಜ್ಜಾಗಿದೆಯಾ?" ಆಗಿತ್ತು. ಇಲಿ ಒಂದು ಮೂಲೆ ಕಡಿದಿತ್ತು, ಮಳೆಗಾಲದ ತೇವಕ್ಕೆ ರಟ್ಟು ಉಬ್ಬಿತ್ತು. ಒಳಗಿನ ಒಂದು ಚೂರೂ ಹಾಳಾಗಿರಲಿಲ್ಲ. ಅವರಿಗೆ ಒಳಗಿನದು ಬೇಕಿರಲಿಲ್ಲ, ರಟ್ಟು ಬೇಕಿತ್ತು. ಎರಡಕ್ಕೂ ಸೇರಿ 11 ಸಾವಿರ ಕೊಡುತ್ತೇವೆ, ಕೊರಿಯರ್ ಖರ್ಚು ನಿಮ್ಮದೇ ಅಂದರು.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹಾಗಾಗಿ ವಿದೇಶಿ ಸೆಟ್‌ಗಳನ್ನು ನಾವು ಕೊಳ್ಳುವುದೇ ದುಬಾರಿಯಾಗಿ. ಶೇಕಡಾ 11ರ ಲೆಕ್ಕ ಬಂದದ್ದು ಡಾಲರಿನ ಮಾರುಕಟ್ಟೆಯಲ್ಲಿ. ದುಬಾರಿಗೆ ಕೊಂಡು, ಕೊಳ್ಳುವವರೇ ವಿರಳವಾದ ಕಡೆ ಮಾರುವ ನಮಗೆ ಆ ಲೆಕ್ಕ ಹೊಂದುವುದಿಲ್ಲ.

ಇದೆಲ್ಲ ಎಲ್ಲೋ ಕೇಳಿದಂತಿದೆಯಾ? 2003ರ ಸುಮಾರಿಗೆ ವೆನಿಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಇತ್ತು. ಅಡಿಕೆ, ತೆಂಗಿನ ಬುಡಕ್ಕೆಲ್ಲ ಬಳ್ಳಿ ಹಬ್ಬಿಸಿದರು. ಆಗ ಕಾಸು ಮಾಡಿದವರಲ್ಲಿ ಬಳ್ಳಿಯ ತುಂಡು ಮಾರಿದವರೂ ಇದ್ದರು. ಬೆಲೆ ಕುಸಿದಾಗ ಬಳ್ಳಿ ನೆಟ್ಟವರು ಉಳಿದರು. ಎಮು ಹಕ್ಕಿಯದೂ ಅದೇ ಪಾಡು. ಹಕ್ಕಿಯನ್ನು ಸಾಕುವವನಿಂದ ಸಾಕುವವನಿಗೆ ಮಾರುತ್ತಿದ್ದರು, ತಿನ್ನುವವರು ಕಡಿಮೆ. ಬಳಸುವವನಿಲ್ಲದೆ ಕೂಡಿಡುವವರೇ ಕೈಬದಲಿಸುವ ವಸ್ತುವಿನ ಬೆಲೆ, ಕೊನೆಯವನ ಕೈಯಲ್ಲಿ ಸಾಯುತ್ತದೆ.

ನಮ್ಮ 18 ಸಾವಿರವನ್ನು ಆ ವರ್ಷ ತೋಟದ ಗೊಬ್ಬರಕ್ಕೋ ಡ್ರಿಪ್ ಪೈಪಿಗೋ ಹಾಕಿದ್ದರೆ? ಲಕ್ಷಾಧಿಪತಿಗಳಾಗುತ್ತಿದ್ದೆವು ಅಂತ ಸುಳ್ಳು ಹೇಳುವುದಿಲ್ಲ. 2025ರ ಧಾರಣೆಗೆ ಮಾರಲು ನಾಲ್ಕು ಚೀಲ ಜಾಸ್ತಿ ಇರುತ್ತಿತ್ತೇನೋ. ಬೆಲೆ ಬಿದ್ದಿದ್ದರೂ ಚಟ್ನಿಗಾದರೂ ಆಗುತ್ತಿತ್ತು.

"ಅದು ನಮ್ಮ ಹವ್ಯಾಸ, ನಿಮಗೇನು?"

ನ್ಯಾಯವಾದ ಪ್ರಶ್ನೆ. ಹವ್ಯಾಸಕ್ಕೆ ನಮ್ಮ ತಕರಾರಿಲ್ಲ. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಕಪಾಟಿನಲ್ಲಿ ಚೆಂದವಾಗಿ ಜೋಡಿಸಿಟ್ಟು ಬಂದವರಿಗೆ ತೋರಿಸುವವರನ್ನು ಕಂಡರೆ ನಮಗೆ ಖುಷಿಯೇ. ನಮ್ಮ ಜಗಳ ಒಡೆಯದ ಡಬ್ಬಿಯ ಜೊತೆಗೆ. ಹವ್ಯಾಸ ಅಂದರೆ ಆಡಿದ ಖುಷಿಯೇ ಲಾಭ. ಡಬ್ಬಿ ಒಡೆಯದವನಿಗೆ ಆ ಖುಷಿಯೂ ಇಲ್ಲ, ಲಾಭದ ಖಾತ್ರಿಯೂ ಇಲ್ಲ.

ಈ ಆಟಿಕೆಯ ಹುಟ್ಟನ್ನು ನೋಡಿ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ ಇದ್ದರು. 1932ರಲ್ಲಿ, ಕೆಲಸ ಸಿಗದ ಕಷ್ಟಕಾಲದಲ್ಲಿ, ಮರದ ಆಟಿಕೆ ಮಾಡತೊಡಗಿದರು. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳ ಹಾಗೆ ಮರವನ್ನೇ ನಂಬಿದವರು. 1934ರಲ್ಲಿ ಇಟ್ಟ ಹೆಸರು ಲೆಗೋ. ಅವರ ಭಾಷೆಯಲ್ಲಿ "ಚೆನ್ನಾಗಿ ಆಡು" ಎಂಬ ಎರಡು ಮಾತಿನಿಂದ ಬಂದದ್ದು. ಹೆಸರಿನಲ್ಲೇ ಆಡು ಅಂತಿದೆ, ಅಡಗಿಸಿಡು ಅಂತಿಲ್ಲ.

ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಆಗಿನ ಇಟ್ಟಿಗೆ ಇಂದಿನ ಇಟ್ಟಿಗೆಗೂ ಸಿಕ್ಕಿಕೊಳ್ಳುತ್ತದೆ. ಎಂಟು ಗುಬ್ಬಿಯ ಒಂದೇ ಬಣ್ಣದ ಬರೀ 6 ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು ಅಂತ ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಈ ಆಟಿಕೆಯ ನಿಜವಾದ ಬಡ್ಡಿ ಅದು. ಒಂದು ಮಗುವಿನ ಕೈಗೆ ಬಿದ್ದರೆ ಮಾತ್ರ ಬೆಳೆಯುವ ಬಡ್ಡಿ.

ನಮಗೆ ಹೆಚ್ಚು ಹೊಟ್ಟೆ ಉರಿಯುವುದು ಇಲ್ಲೇ. ಡಬ್ಬಿ ತಂದ ದಿನದಿಂದ ಮನೆಯ ಮಕ್ಕಳಿಗೆ ನಾವು ಹೇಳಿದ ಮಾತು "ಮುಟ್ಟಬೇಡ". ಏಳು ವರ್ಷದ ಹುಡುಗಿಯೊಬ್ಬಳು ಅಟ್ಟದ ಏಣಿ ಹತ್ತಿ ಡಬ್ಬಿಯ ಮೇಲಿನ ಚಿತ್ರ ನೋಡಿ ಇಳಿಯುತ್ತಿದ್ದಳು. ಉದುರಿದ ತೆಂಗಿನ ಹರಳಿಗೆ ಕಡ್ಡಿ ಚುಚ್ಚಿ ಬಂಡಿ ಮಾಡಿ, ಗರಿಯಲ್ಲಿ ಗಿರಗಿಟ್ಲೆ ಸುತ್ತಿ, ಚಿಪ್ಪಿನಲ್ಲಿ ತಕ್ಕಡಿ ಕಟ್ಟಿ ಬೆಳೆದವರು ನಾವು. ನಮಗೆ ಯಾರೂ ಮುಟ್ಟಬೇಡ ಅಂದಿರಲಿಲ್ಲ. ಕೆಲವು ಶಾಲೆಗಳಲ್ಲಿ ಕಲಿಕಾ ಕಿಟ್ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿದ್ದರೆ "ಮಕ್ಕಳು ಹಾಳು ಮಾಡ್ತಾರೆ" ಅನ್ನುವ ಮೇಷ್ಟ್ರನ್ನು ಟೀಕಿಸಿ ಇದೇ ಜಾಗದಲ್ಲಿ ಬರೆಯುವವರು ನಾವು. ನಮ್ಮ ಮನೆಯಲ್ಲಿ ನಾವು ಮಾಡಿದ್ದೇನು?

ಕೊನೆಗೆ ನಾವು ಮಾಡಿದ್ದು

11 ಸಾವಿರಕ್ಕೆ ಮಾರಲಿಲ್ಲ. ದುಡ್ಡು ಬೇಕಿದ್ದ ಗೆಳೆಯನಿಗೆ ಉಳಿದಿಬ್ಬರು ಅವನ ಪಾಲು ಕೊಟ್ಟೆವು. ಒಂದು ಭಾನುವಾರ ಎರಡೂ ಡಬ್ಬಿಗಳನ್ನು ಜಗಲಿಗೆ ಇಳಿಸಿ, ಬೀದಿಯ ಮಕ್ಕಳನ್ನು ಕರೆದು, ಸೀಲ್ ಒಡೆದೆವು.

ಹಡಗು ಒಂದು ದಿನ ಹಡಗಾಗಿತ್ತು. ಮಾರನೆಯ ದಿನ ಹಡಗೂ ಕಾರೂ ಬೆರೆತು ಬೋರ್‌ವೆಲ್ ಲಾರಿಯಾಯಿತು. ಆಮೇಲೆ ಅದೇ ಕಾಯಿ ಸುಲಿಯುವ ಯಂತ್ರವಾಯಿತು. ಡಬ್ಬಿಯ ಮೇಲೆ ಈ ಯಾವ ಚಿತ್ರವೂ ಇರಲಿಲ್ಲ.

ನಿಮ್ಮ ಅಟ್ಟದಲ್ಲೂ ಇಂಥ ಡಬ್ಬಿ ಇದ್ದರೆ ಇಳಿಸಿ. ಮನೆಯಲ್ಲಿ ಮಕ್ಕಳಿಲ್ಲದಿದ್ದರೆ ಗ್ರಾಮ ಪಂಚಾಯಿತಿ ಅರಿವು ಕೇಂದ್ರಕ್ಕೆ ಕೊಡಿ. ಅಂಗನವಾಡಿಗೆ ಬೇಡ, ಚಿಕ್ಕ ಮಕ್ಕಳು ಸಣ್ಣ ಚೂರು ನುಂಗುವ ಅಪಾಯವಿದೆ. ಅಲ್ಲಿಗೆ ಚನ್ನಪಟ್ಟಣದ ಮರದ ದೊಡ್ಡ ಬ್ಲಾಕುಗಳನ್ನು ಕೊಡಿಸಿ, ದುಡ್ಡೂ ನಮ್ಮ ನಾಡಿನ ಕುಶಲಕರ್ಮಿಯ ಕೈ ಸೇರುತ್ತದೆ. ಹೊಸದಾಗಿ ಕೊಳ್ಳಲು ಹೊರಟಿದ್ದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಮುಂದೆ ಒಂದು ರೂಪಾಯಿ ಬರದಿದ್ದರೂ ಕೊಳ್ಳುತ್ತೀನಾ? ಹೌದಾದರೆ ಕೊಳ್ಳಿ. ಇಲ್ಲವಾದರೆ ಆ ದುಡ್ಡು ತೋಟಕ್ಕೆ ಹೋಗಲಿ.

ಅಂದು ಸೀಲ್ ಒಡೆಯುವ ಮೊದಲು ಅಜ್ಜಿಯ ಕೈಗೇ ಡಬ್ಬಿ ಕೊಟ್ಟೆವು. ಮತ್ತೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಟಲೊಟ ಅಂದಿತು.

"ಒಣಗೈತೆ ಕಣ್ರೋ. ಇನ್ನು ಸುಲೀರಿ" ಅಂದರು.