ನಾಯಿಗೆ ವೇಷ, ಮನುಷ್ಯನಿಗೆ ವಿನೋದ

ಪ್ರತಿವರ್ಷ ಅಕ್ಟೋಬರ್ 31ರ ಸಂಜೆ ಅಮೆರಿಕದ ಊರೂರುಗಳಲ್ಲಿ ಮಕ್ಕಳು ಭೂತ, ಪಿಶಾಚಿ, ಮಾಟಗಾತಿಯರ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಬೇಡುತ್ತಾರೆ. ಹ್ಯಾಲೋವೀನ್ ಎಂಬ ಈ ಆಚರಣೆಯ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಪ್ರಾಚೀನ ಕೆಲ್ಟ್ ಜನರ ಚಳಿಗಾಲದ ಹೊಸ್ತಿಲಿನ ಹಬ್ಬದಲ್ಲಿದೆ. ಮುಂದೆ ಅದು ನವೆಂಬರ್ 1ರಂದು ಬರುವ ಕ್ರೈಸ್ತರ ಸರ್ವಸಂತರ ದಿನದ ಹಿಂದಿನ ರಾತ್ರಿಯಾಯಿತು. 19ನೆಯ ಶತಮಾನದಲ್ಲಿ ವಲಸೆ ಬಂದ ಐರಿಷ್ ಜನರೊಡನೆ ಅಮೆರಿಕಕ್ಕೆ ಬಂದು, ಅಲ್ಲಿ ಕೆತ್ತಿದ ಕುಂಬಳಕಾಯಿಯ ದೀಪದೊಡನೆ ಮನೆಮಾತಾಯಿತು. ಈಚಿನ ದಶಕಗಳಲ್ಲಿ ಈ ಸಂಭ್ರಮಕ್ಕೆ ಸಾಕುನಾಯಿಯನ್ನೂ ಎಳೆತರಲಾಗಿದೆ. ನ್ಯೂಯಾರ್ಕ್ ನಗರದ ಟಾಂಪ್‌ಕಿನ್ಸ್ ಸ್ಕ್ವೇರ್ ಉದ್ಯಾನದ ಹೆಸರಿನಲ್ಲಿ 1990ರ ದಶಕದಿಂದ ಪ್ರಸಿದ್ಧವಾದ ವೇಷಧಾರಿ ನಾಯಿಗಳ ಮೆರವಣಿಗೆಯನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. 2023ರಲ್ಲಿ ಸಾಕುಪ್ರಾಣಿಗಳ ವೇಷಕ್ಕೆಂದೇ ಆ ದೇಶದ ಜನ ಸುಮಾರು 70 ಕೋಟಿ ಡಾಲರ್ ವೆಚ್ಚ ಮಾಡುವರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ ಅಂದಾಜು ಮಾಡಿತ್ತು.

ಅಲ್ಲಿ ನೆಲೆಸಿದ ಜೈನ ಕುಟುಂಬಗಳ ಮಕ್ಕಳಿಗೂ ಇದು ನೆರೆಹೊರೆಯ ಹಬ್ಬ. ಇದರ ಪರವಾಗಿ ಹೇಳುವ ಮಾತುಗಳು ಸರಳವಾಗಿವೆ: ಇದರಲ್ಲಿ ಪೂಜೆಯಿಲ್ಲ, ಬರಿಯ ಆಟ, ಯಾರನ್ನೂ ಕೊಲ್ಲುವುದಿಲ್ಲ, ನಾಯಿ ಮನೆಯ ಮಗುವಿನಂತೆ, ಮಕ್ಕಳ ಸಂತೋಷದಿಂದ ಅದನ್ನೇಕೆ ಹೊರಗಿಡಬೇಕು? ಇನ್ನೊಂದು ಕಡೆಯಲ್ಲಿ, ಪರದೇಶದ ಭೂತದ ಹಬ್ಬ ಶ್ರಾವಕರಿಗೆ ತಕ್ಕುದಲ್ಲವೆಂದು ಹಿರಿಯರು ಗದರುತ್ತಾರೆ. ಎರಡು ಪಕ್ಷಗಳೂ ಮುಖ್ಯವಾದ ಪ್ರಶ್ನೆಯನ್ನು ಕೇಳುತ್ತಿಲ್ಲ. ಹಬ್ಬ ಯಾರದೆಂಬುದಕ್ಕಿಂತ, ಆ ಹಬ್ಬದಲ್ಲಿ ನೋವು ಯಾರದೆಂಬುದನ್ನು ಅಹಿಂಸಾಧರ್ಮ ಮೊದಲು ವಿಚಾರಿಸುತ್ತದೆ.

ನಾಯಿಯು ಸಂಜ್ಞೀ ಪಂಚೇಂದ್ರಿಯ ಜೀವ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಷ್ಯ, ಹೀಗೆ ಹತ್ತು ಪ್ರಾಣಗಳೂ ಮನುಷ್ಯನಿಗಿರುವಂತೆ ಅದಕ್ಕೂ ಇವೆ. ವೇಷವು ಇವುಗಳಲ್ಲಿ ಎಷ್ಟನ್ನು ಪೀಡಿಸುತ್ತದೆಂದು ಎಣಿಸಿ ನೋಡಬೇಕು. ಟೊಪ್ಪಿಗೆ ಕಿವಿಯನ್ನು ಅದುಮುತ್ತದೆ. ಮುಖವಾಡ ಕಣ್ಣನ್ನು ಮರೆಸುತ್ತದೆ. ಮೂತಿಯ ಮೇಲಿನ ಬಟ್ಟೆ ಘ್ರಾಣವನ್ನೂ ಉಸಿರನ್ನೂ ತಡೆಯುತ್ತದೆ. ನಾಯಿಯು ಮುಖ್ಯವಾಗಿ ಏದುಸಿರಿನಿಂದಲೇ ಮೈಯ ಕಾವನ್ನು ಕಳೆದುಕೊಳ್ಳುವ ಪ್ರಾಣಿ. ಹುಟ್ಟಿನಿಂದ ಬಂದ ರೋಮದ ಮೇಲೆ ಇನ್ನೊಂದು ಹೊದಿಕೆ ಬಿಗಿದರೆ ಅದು ಬೇಯುತ್ತದೆ. ಬಾಲ, ಕಿವಿ, ಮೈಯ ನಿಲುವು ಇವೇ ಅದರ ಭಾಷೆ. ಅವನ್ನು ಕಟ್ಟಿದರೆ ಅದರ ಬಾಯಿ ಕಟ್ಟಿದಂತೆಯೇ. ಇಷ್ಟಾದ ಮೇಲೆ ಆ ರಾತ್ರಿ ಮತ್ತೆ ಮತ್ತೆ ಕರೆಗಂಟೆ ಬಾರಿಸುತ್ತದೆ, ಬಾಗಿಲು ತೆರೆದಾಗಲೆಲ್ಲ ವಿಕಾರ ಮುಖದ ಅಪರಿಚಿತರು ಎದುರು ನಿಲ್ಲುತ್ತಾರೆ. ದಿಗಿಲುಬಿದ್ದ ನಾಯಿ ತೆರೆದ ಬಾಗಿಲಿನಿಂದ ಓಡಿಹೋಗಿ ರಸ್ತೆಯ ಪಾಲಾಗುವುದೂ ಉಂಟು.

ಛಾಯಾಚಿತ್ರದಲ್ಲಿ ಮಾತ್ರ ಎಲ್ಲವೂ ಮುದ್ದಾಗಿ ಕಾಣುತ್ತದೆ. ಕಿವಿ ಹಿಂದಕ್ಕೆ ಒತ್ತಿರುವುದು, ಬಾಲ ಕಾಲುಗಳ ನಡುವೆ ಸೇರಿರುವುದು, ಕಣ್ಣಂಚಿನ ಬಿಳುಪು ಅರ್ಧಚಂದ್ರದಂತೆ ತೋರುವುದು, ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಇವೆಲ್ಲ ನಾಯಿಯ ಕಳವಳದ ಲಕ್ಷಣಗಳೆಂದು ಪ್ರಾಣಿಗಳ ನಡವಳಿಕೆಯನ್ನು ಬಲ್ಲವರು ಹೇಳುತ್ತಾರೆ. ಚಿತ್ರ ನೋಡುವವರು ಅದನ್ನೇ ನಗುವೆಂದು ಭಾವಿಸುತ್ತಾರೆ. ಕೆಲವು ನಾಯಿಗಳು ಅಲುಗದೆ ನಿಲ್ಲುತ್ತವೆ ಎಂಬುದು ನಿಜ. ಆದರೆ ಸಹನೆಯನ್ನು ಸಮ್ಮತಿಯೆಂದು ತಿಳಿಯುವುದು ಬಲಿಷ್ಠರ ಹಳೆಯ ತಪ್ಪು. 1866ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪಿತವಾದ ಅಮೆರಿಕದ ಪ್ರಾಣಿಹಿಂಸಾ ನಿವಾರಣ ಸಂಘವೂ, ವೇಷವನ್ನು ನಾಯಿ ನಿಜವಾಗಿ ಇಷ್ಟಪಡುತ್ತದೆಂದು ತಿಳಿಯದ ಹೊರತು ತೊಡಿಸಬಾರದೆಂದೇ ಸಲಹೆ ನೀಡುತ್ತದೆ.

ಮಿಠಾಯಿಯ ಅಪಾಯ ಇದಕ್ಕಿಂತ ಘೋರವಾದುದು. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ಎಂಬ ಅಂಶವನ್ನು ನಾಯಿಯ ದೇಹ ಬಹು ನಿಧಾನವಾಗಿ ಕರಗಿಸುತ್ತದೆ. ಪ್ರಮಾಣ ಮೀರಿದರೆ ವಾಂತಿ, ನಡುಕ, ಎದೆಬಡಿತದ ಏರುಪೇರು, ಸೆಳವು, ಕೊನೆಗೆ ಮರಣ. ಕಪ್ಪು ಚಾಕೊಲೇಟ್ ಇನ್ನೂ ಅಪಾಯಕರ. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಬಳಸುವ ಕ್ಸೈಲಿಟಾಲ್ ನಾಯಿಯ ರಕ್ತದಲ್ಲಿನ ಸಕ್ಕರೆಯನ್ನು ಥಟ್ಟನೆ ಇಳಿಸುತ್ತದೆ, ಯಕೃತ್ತನ್ನು ಕೆಡಿಸಬಲ್ಲದು. ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಮಗುವಿನ ಚೀಲದಲ್ಲಿ ಸಂತೋಷವಾಗಿರುವ ವಸ್ತು ನಾಯಿಯ ಬಾಯಲ್ಲಿ ವಿಷವಾಗುತ್ತದೆ.

ನೋಯಿಸುವ ಉದ್ದೇಶವಿರಲಿಲ್ಲ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮತ್ತಯೋಗದಲ್ಲಿ ಗುರುತಿಸಿದೆ. ದ್ವೇಷ ಬೇಕೆಂದಿಲ್ಲ, ಎಚ್ಚರಗೇಡಿತನವೊಂದೇ ಸಾಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಜೀವಿಯೊಂದರ ಇಚ್ಛೆಯ ಚಲನೆಯನ್ನು ತಡೆಯುವುದು. ಹಾಗಾದರೆ ಕೊರಳ ಪಟ್ಟಿಯೂ ಗಾಯದ ಕಟ್ಟೂ ಬಂಧವಲ್ಲವೇ ಎಂದು ಯಾರಾದರೂ ಕೇಳಬಹುದು. ಪಟ್ಟಿ ನಾಯಿಯನ್ನು ವಾಹನದಿಂದ ಕಾಯುತ್ತದೆ. ಕಟ್ಟು ಗಾಯವನ್ನು ಮಾಯಿಸುತ್ತದೆ. ವೇಷದಿಂದ ನಾಯಿಗಾಗುವ ಹಿತವೇನು? ಇನ್ನು ಅನರ್ಥದಂಡವಿರತಿಯ ಅತಿಚಾರಗಳನ್ನು ನೋಡಿದರೆ, ನಗೆಗಾಗಿ ಮೈಯನ್ನು ವಿಕಾರಗೊಳಿಸುವ ಕೌತ್ಕುಚ್ಯ, ಪರಿಣಾಮವನ್ನು ಯೋಚಿಸದೆ ಮಾಡುವ ಅಸಮೀಕ್ಷ್ಯಾಧಿಕರಣ, ಬೇಕಿಲ್ಲದ ಭೋಗವಸ್ತುಗಳನ್ನು ಕೂಡಿಡುವ ಉಪಭೋಗಪರಿಭೋಗಾನರ್ಥಕ್ಯ, ಈ ಮೂರೂ ಒಂದೇ ಸಂಜೆಯಲ್ಲಿ ನೆರವೇರುತ್ತವೆ. ಅದೂ ಇಲ್ಲಿ ವಿಕಾರಗೊಳಿಸುವುದು ಸ್ವಂತ ಮೈಯನ್ನಲ್ಲ, ಬೇಡವೆನ್ನಲು ಬಾಯಿಲ್ಲದ ಇನ್ನೊಂದು ಜೀವದ ಮೈಯನ್ನು.

ನಾಯಿ ಮಗುವಿನಂತೆ ಎಂಬ ಮಾತನ್ನೂ ಪರೀಕ್ಷಿಸಬೇಕು. ಮಗು ತಾನೇ ವೇಷ ಕೇಳುತ್ತದೆ, ಸೆಖೆಯಾದರೆ ಕಿತ್ತೆಸೆಯುತ್ತದೆ, ಮುಖವಾಡದ ಹಿಂದೆ ಗೆಳೆಯನಿದ್ದಾನೆಂದು ಬಲ್ಲದು. ನಾಯಿಗೆ ಈ ಮೂರೂ ಇಲ್ಲ. ಮಗುವಿನಂತೆ ಪ್ರೀತಿಸುವವರು ಮಗುವಿನ ಅಳುವಿಗೆ ಓಗೊಡುವಂತೆ ನಾಯಿಯ ನಡುಕಕ್ಕೂ ಓಗೊಡಬೇಕಲ್ಲವೇ? ಹಾಗೆ ಮಾಡದಿದ್ದರೆ ಆ ಪ್ರೀತಿ ಬೊಂಬೆಯ ಮೇಲಿನ ಪ್ರೀತಿ.

ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿಯೂ, 1424ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ರಚಿಸಿದ ಜೀವಂಧರಚರಿತೆಯಲ್ಲಿಯೂ ಬರುವ ಜೀವಂಧರನ ಕಥೆ ಶ್ರಾವಕರಿಗೆ ಹೊಸದಲ್ಲ. ಅಲ್ಲಿಯೂ ಊರೆಲ್ಲ ವಸಂತೋತ್ಸವದ ಸಂಭ್ರಮದಲ್ಲಿರುತ್ತದೆ. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಹೊಡೆಸಿಕೊಂಡ ನಾಯಿಯೊಂದು ಪ್ರಾಣ ಬಿಡುತ್ತಿರುತ್ತದೆ. ರಾಜಕುಮಾರನಾದ ಜೀವಂಧರ ಹಬ್ಬದ ಆಟವನ್ನು ಬಿಟ್ಟು ಅದರ ಬಳಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಜೀವಂಧರನ ಆಪತ್ತಿಗೆ ಒದಗುತ್ತದೆ. ಅವನು ನಾಯಿಯನ್ನು ಹಬ್ಬದೊಳಕ್ಕೆ ಎಳೆಯಲಿಲ್ಲ. ಹಬ್ಬದಿಂದ ತಾನೇ ಎದ್ದು ನಾಯಿಯ ಬಳಿಗೆ ಹೋದನು. ಅವನು ಮಂತ್ರ ಹೇಳಿದ ಕಿವಿಯಂಥ ಕಿವಿಯ ಮೇಲೆ ಇಂದು ಕೋಡಿನ ಟೊಪ್ಪಿಗೆ ಬಿಗಿದು ನಗುವುದು ಆ ಕಥೆಯನ್ನು ಕೇಳಿ ಬೆಳೆದವರಿಗೆ ಶೋಭಿಸುವುದೇ?

ಇದನ್ನು ಓದಿ ಕರ್ನಾಟಕದ ಶ್ರಾವಕರು ಅಮೆರಿಕವನ್ನು ಹಳಿದು ನೆಮ್ಮದಿಗೊಳ್ಳುವಂತಿಲ್ಲ. ಹ್ಯಾಲೋವೀನಿನ ಆಸುಪಾಸಿನಲ್ಲಿಯೇ ದೀಪಾವಳಿ ಬರುತ್ತದೆ. ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಆ ಪವಿತ್ರ ದಿನದಂದು ಪಟಾಕಿಯ ಸದ್ದಿಗೆ ಬೀದಿನಾಯಿಗಳು ಚರಂಡಿಯಲ್ಲಿ ಅಡಗುತ್ತವೆ, ಸಾಕುನಾಯಿಗಳು ಮಂಚದಡಿ ಸೇರಿ ಅನ್ನ ನೀರು ಬಿಡುತ್ತವೆ. ಮನುಷ್ಯನ ಕಿವಿಗೆ ನಿಲುಕದ ಶಬ್ದವನ್ನೂ ಗ್ರಹಿಸುವ ಕಿವಿ ಅವುಗಳದು. ಅಹಿಂಸೆಯ ತೀರ್ಥಂಕರರ ಹೆಸರಿನಲ್ಲಿ ಮದ್ದು ಸಿಡಿಸುವ ಮನೆಗೆ ವೇಷದ ನಾಯಿಯ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವೆಲ್ಲಿದೆ?

ಪರದೇಶದಲ್ಲಿರುವ ಮಕ್ಕಳು ನೆರೆಯ ಮಕ್ಕಳೊಡನೆ ವೇಷ ತೊಟ್ಟು ನಲಿಯಲಿ. ಅದು ಹೆತ್ತವರ ವಿವೇಕಕ್ಕೆ ಬಿಟ್ಟ ವಿಷಯ. ಆದರೆ ಆ ಸಂಜೆ ನಾಯಿಯನ್ನು ಕತ್ತಲಾಗುವ ಮುನ್ನವೇ ಅಡ್ಡಾಡಿಸಿ ತಂದು, ಬೀದಿಬಾಗಿಲಿನಿಂದ ದೂರದ ಕೋಣೆಯಲ್ಲಿ, ಅದರ ಹಾಸಿಗೆ ನೀರುಗಳೊಡನೆ, ಸಾಧ್ಯವಾದರೆ ಮನೆಯವರೊಬ್ಬರ ಜೊತೆಯಲ್ಲಿ ಇರಿಸಬೇಕು. ಕೊರಳಿನಲ್ಲಿ ಗುರುತಿನ ಬಿಲ್ಲೆ ಇರಬೇಕು. ಮಿಠಾಯಿಯ ಚೀಲ ಅದಕ್ಕೆ ಎಟುಕದ ಎತ್ತರದಲ್ಲಿರಬೇಕು. ವೇಷಕ್ಕೆ ಮೀಸಲಿಟ್ಟ ಹಣ ಅನಾಥ ಪ್ರಾಣಿಗಳ ಆಶ್ರಯಕ್ಕೆ ಸಂದರೆ ಅದು ಅಭಯದಾನವಾದೀತು. ಈ ಏರ್ಪಾಡನ್ನು ಮಕ್ಕಳ ಕೈಯಿಂದಲೇ ಮಾಡಿಸಿದರೆ, ಅಹಿಂಸೆಯೆಂಬುದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುವ ಪದವಾಗಿ ಉಳಿಯದೆ, ಒಂದು ಮೂಕಜೀವ ಆ ರಾತ್ರಿ ನಿಶ್ಚಿಂತೆಯಿಂದ ಮಲಗುವಂತೆ ಮಾಡಿದ ಕೆಲಸವಾಗಿ ಅವರ ನೆನಪಿನಲ್ಲಿ ನಿಲ್ಲುತ್ತದೆ.